ಪಾಳಿಯ ತಿಂಗಳಲ್ಲಿ ನಿಲ್ಲುತ್ತಿದ್ದ ಚಿತ್ರ

ಕೊರೊನಾ ಮುಗಿದ ಮರುವರ್ಷ. ನಿಮ್ಮ ಅಜ್ಜ ಬಿಟ್ಟುಹೋದ ಕೇಬಲ್ ಟಿವಿ ಮತ್ತು ಇಂಟರ್ನೆಟ್ ಕೆಲಸವನ್ನು ನಾನಾಗ ಕುಮಟಾದಲ್ಲಿ ನೋಡಿಕೊಳ್ಳುತ್ತಿದ್ದೆ. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು ನಾನು. ಬೇರೆಯವರ ಮನೆಯ ಜಗಲಿ ಹತ್ತಿದರೆ ಕುಡಿಯಲು ನೀರು ಕೇಳುವುದಕ್ಕೂ ನಾಚಿಕೆ. ಕಂಬ ಹತ್ತಿ ತಂತಿ ಎಳೆಯಲು ಕೆಲಸದವರಿದ್ದರು. ಮನೆಯೊಳಗೆ ರೂಟರ್ ಕೂರಿಸುವುದು, ಟಿವಿಗೆ ವೈಫೈ ಜೋಡಿಸುವುದು ನನ್ನ ಪಾಲಿಗೆ ಬಂದಿತ್ತು. ಗಂಡಸರು ಇಲ್ಲದ ಹೊತ್ತಿನಲ್ಲಿ ಹೆಂಗಸೇ ಬರುತ್ತಾಳೆಂದು ಹೊನ್ನಾವರದ ಕಡೆಯಿಂದಲೂ ನನ್ನನ್ನು ಕರೆಯುತ್ತಿದ್ದರು.

ಮೊಮ್ಮಕ್ಕಳೇ, ಕಳೆದ ರಜೆಯಲ್ಲಿ ಟಿವಿ ನಡುವೆ ನಿಂತಿತೆಂದು ನಿಮ್ಮಲ್ಲೊಬ್ಬರು ಇನ್ನೊಬ್ಬರ ಬೆನ್ನಿಗೆ ರಿಮೋಟ್ ಎಸೆದರು. ಆಗ ನಾನು ಏನೂ ಹೇಳಲಿಲ್ಲ. ಕುಮಟಾ ಹತ್ತಿರದ ಕಾಗಾಲದ ಒಂದು ಮನೆಯಲ್ಲಿ ನಡೆದದ್ದನ್ನು ಈಗ ಬರೆಯುತ್ತೇನೆ. ಹೆಸರುಗಳನ್ನು ಬದಲಿಸಿದ್ದೇನೆ.

ಆ ಮನೆ ಅಣ್ಣತಮ್ಮಂದಿರಿಗೆ ಹಿಸ್ಸೆಯಾಗಿ ನಡುವೆ ಗೋಡೆ ಎದ್ದಿತ್ತು. ಒಂದು ಕಡೆ ಅಣ್ಣ ದಾಮೋದರ ಮತ್ತು ಅವನ ಹೆಂಡತಿ. ಇನ್ನೊಂದು ಕಡೆ ತಮ್ಮ ಈಶ್ವರ ಮತ್ತು ಅವನ ಹೆಂಡತಿ ಸುಮಿತ್ರಾ. ಈಶ್ವರ ಭಟ್ಕಳದ ಒಂದು ಮನೆಯವರ ಕಾರು ಓಡಿಸುತ್ತಿದ್ದ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಇಂಟರ್ನೆಟ್ ಅವನ ಹೆಸರಿನಲ್ಲಿತ್ತು, ರೂಟರ್ ಅವನ ಅಡಿಗೆಮನೆಯ ಗೂಡಿನಲ್ಲಿತ್ತು. ಗೋಡೆಯಾಚೆ ದಾಮೋದರನ ಟಿವಿಗೂ ಅದೇ ವೈಫೈ.

ಹಿಸ್ಸೆಯಾಗದೆ ಉಳಿದವಳು ತಾಯಿ ಒಬ್ಬಳೇ. ಮುಂದಿನ ಜಗಲಿಯಲ್ಲಿ ಅವಳ ಹಾಸಿಗೆ. ಒಂದು ಅಮಾವಾಸ್ಯೆಯಿಂದ ಇನ್ನೊಂದರವರೆಗೆ ಹಿರಿಯ ಮಗನ ಒಲೆಯ ಊಟ, ಮುಂದಿನ ತಿಂಗಳು ಕಿರಿಯವನದು. ಇದನ್ನು ಪಾಳಿ ಎನ್ನುತ್ತಿದ್ದರು.

ಟಿವಿ ನಿಲ್ಲುತ್ತದೆ ಎಂಬ ದಾಮೋದರನ ದೂರಿಗೆ ನಾನು ಮೊದಲ ಸಲ ಹೋದಾಗ ಟಿವಿ ಚೆನ್ನಾಗಿಯೇ ಇತ್ತು. ಯಕ್ಷಗಾನದ ಆಟ ಓಡುತ್ತಿತ್ತು. ಗೋಡೆಯ ಮೇಲೆ ಮಾತ್ರ ಏನೋ ಬಡಿದು ಗಾರೆ ಉದುರಿದ ಗುರುತುಗಳಿದ್ದವು.

"ಈಗ ಬತ್ತದೆ ಅಕ್ಕೋರೆ," ಎಂದ ದಾಮೋದರ. "ಈ ತಿಂಗಳು ನಮ್ಮ ಪಾಳಿ, ಅದ್ಕೆ ಬತ್ತದೆ. ಅಮಾಸೆ ಕಳ್ದು ತಮ್ಮನ ಹೆಂಡ್ತಿ ಪಾಳಿ ಶುರು ಆಗ್ಲಿ, ಮಧ್ಯಾಹ್ನ ನಾ ಊಟದ ಬಟ್ಲಿಗೆ ಕೈ ಹಾಕ್ದಾಗ ನೆಟ್ ಬಂದ್. ಆಯಿಗೆ ಅನ್ನ ಹಾಕೂದು ಅವ್ಳಿಗೆ ಭಾರ. ಆ ಸಿಟ್ಟು ನನ್ನ ಟಿವಿ ಮೇಲೆ."

ತಮ್ಮನ ಮನೆಗೆ ಹೋದೆ. ಸುಮಿತ್ರಾ ರೂಟರ್ ತೋರಿಸಲು ಕೈ ಎತ್ತಿದಾಗ ತೋಳಿನಲ್ಲಿ ನೀಲಿ ಬರೆಗಳು ಕಂಡವು.

"ಎಂತ ಆತು ತಂಗಿ?"

"ಬಿದ್ದೆ," ಎಂದಳು. ಆಮೇಲೆ ನಕ್ಕಳು. "ತಿಂಗ್ಳು ಬಿಟ್ಟು ತಿಂಗ್ಳು ಬೀಳ್ತೆ ಅಕ್ಕ."

ನಾನು ರೂಟರ್ ನೋಡಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ತಿಂಗಳ ಪಾಳಿ ನೋಡಿಕೊಂಡು ವೈಫೈ ಕೆಡುವುದು ಹೇಗೆ?

ವೈಫೈ ಎಂದರೇನೆಂದು ನಿಮಗೆ ತಿಳಿಯಬೇಕು. ಹೊರಗಿನ ತಂತಿಯಲ್ಲಿ ಬಂದದ್ದನ್ನು ರೂಟರ್ ರೇಡಿಯೊ ತರಂಗ ಮಾಡಿ ಗಾಳಿಗೆ ಬಿಡುತ್ತದೆ. ಟಿವಿಯೊಳಗಿನ ಸಣ್ಣ ಆಂಟೆನಾ ಅದನ್ನು ಹಿಡಿಯುತ್ತದೆ. ಸಿನಿಮಾ ಆಗಲಿ ಆಟವಾಗಲಿ ಇಡಿಯಾಗಿ ಬರುವುದಿಲ್ಲ. ಪ್ಯಾಕೆಟ್ ಎಂಬ ಸಣ್ಣ ಸಣ್ಣ ತುಂಡುಗಳಾಗಿ ಬರುತ್ತದೆ. ನಮ್ಮಲ್ಲಿ ಮಾಡಿಗೆ ಹೆಂಚು ಹೊದಿಸುವುದನ್ನು ನೋಡಿದ್ದೀರಲ್ಲ? ಕೆಳಗಿನವನು ಒಂದೊಂದೇ ಹೆಂಚನ್ನು ಮೇಲೆ ಎಸೆಯುತ್ತಾನೆ, ಮಾಡಿನ ಮೇಲಿನವನು ಹಿಡಿದು ಪಕ್ಕದಲ್ಲಿ ಸಣ್ಣ ರಾಶಿ ಇಟ್ಟುಕೊಂಡು ಹೊದಿಸುತ್ತ ಹೋಗುತ್ತಾನೆ. ಒಂದು ತಪ್ಪಿ ಬಿದ್ದರೆ ಇನ್ನೊಂದು ಎಸೆಯಲು ಕೂಗುತ್ತಾನೆ. ತುಂಬ ತಪ್ಪಿದರೆ ಪಕ್ಕದ ರಾಶಿ ಮುಗಿದು ಕೈಕಟ್ಟಿ ಕೂರಬೇಕಾಗುತ್ತದೆ. ಟಿವಿಯಲ್ಲಿ ಚಕ್ರ ತಿರುಗುವುದು ಅದೇ. ಮೇಲಿನವನು ಹೆಂಚಿಗಾಗಿ ಕಾಯುತ್ತಿದ್ದಾನೆ, ಅಷ್ಟೆ.

ಅಮಾವಾಸ್ಯೆ ಕಳೆದ ಮೇಲೆ ಮಧ್ಯಾಹ್ನದ ಹೊತ್ತಿಗೇ ಮತ್ತೆ ಹೋದೆ. ದಾಮೋದರ ಊಟಕ್ಕೆ ಕುಳಿತಿದ್ದ. ಟಿವಿಯಲ್ಲಿ ವೇಷ ಕುಣಿಯುತ್ತಿತ್ತು. ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು, ಚಕ್ರ ತಿರುಗತೊಡಗಿತು.

"ಕಂಡ್ರಾ? ಕಂಡ್ರಾ ಅಕ್ಕೋರೆ? ಬಂದ್ ಮಾಡ್ತು!"

ನಾನು ಮೊಬೈಲ್ ನೋಡಿದೆ. ವೈಫೈಯ ಹೆಸರು ಕಾಣುತ್ತಿತ್ತು, ಸಿಗ್ನಲ್ ತುಂಬಿತ್ತು. ರೂಟರ್ ಬಂದ್ ಮಾಡಿದ್ದರೆ ಆ ಹೆಸರೇ ಮಾಯವಾಗಬೇಕಿತ್ತು. "ರೂಟರ್ ಬಂದ್ ಆಗಿಲ್ಲ," ಎಂದೆ. ನನ್ನ ಧ್ವನಿ ನನಗೇ ಸರಿಯಾಗಿ ಕೇಳಲಿಲ್ಲ. ಅವನಾಗಲೇ ಬಾಗಿಲ ಮೂಲೆಯ ಒನಕೆ ಎತ್ತಿಕೊಂಡು ಎಂಜಲು ಕೈಯಲ್ಲೇ ಹೊರಗೆ ಓಡಿದ್ದ.

ನಾನು ತಮ್ಮನ ಅಡಿಗೆಮನೆ ತಲುಪುವಷ್ಟರಲ್ಲಿ ಮೊದಲ ಏಟು ಬಿದ್ದಾಗಿತ್ತು. ಸುಮಿತ್ರಾ ತಲೆಗೆ ಅಡ್ಡವಾಗಿ ಕೈ ಹಿಡಿದಿದ್ದಳು. ಎರಡನೆಯ ಏಟಿಗೆ ಆ ಕೈಯೊಳಗಿಂದ ಒಣ ಕಟ್ಟಿಗೆ ಮುರಿದಂಥ ಸದ್ದು ಬಂತು. ಅವಳು ಗೋಡೆಗುಂಟ ಜಾರಿ ಕೂತಳು. ಹಣೆಯ ರಕ್ತ ಕಣ್ಣಿಗಿಳಿಯಿತು. ಅವನು ಜುಟ್ಟು ಹಿಡಿದು ಅವಳ ತಲೆಯನ್ನು ಗೋಡೆಗೆ ಚಚ್ಚಿದ. ಜಗಲಿಯಿಂದ ತಾಯಿ, "ಬಿಡಾ ದಾಮು, ಬಿಡಾ! ನಂಗೆ ಅನ್ನವೇ ಬೇಡಾ!" ಎಂದು ಒಂದೇ ಸಮನೆ ಕೂಗುತ್ತಿದ್ದಳು.

ಅಷ್ಟರಲ್ಲಿ ರೂಟರ್ ಇದ್ದ ಗೂಡಿನ ಕೆಳಗೆ ಟಿಂಗ್ ಎಂದಿತು. ಗುಂಯ್‌ಗುಡುತ್ತಿದ್ದ ಸದ್ದೊಂದು ನಿಂತಿತು. ಸ್ವಲ್ಪ ಹೊತ್ತಿನಲ್ಲೇ ಗೋಡೆಯಾಚೆ ಟಿವಿಯಲ್ಲಿ ಚೆಂಡೆ ಮೊಳಗತೊಡಗಿತು. ಇತ್ತ ಹೆಂಗಸಿನ ನರಳಾಟ, ಅತ್ತ ಚೆಂಡೆ. ಇವತ್ತಿಗೂ ಚೆಂಡೆ ಕೇಳಿದರೆ ನನಗೆ ಆ ಅಡಿಗೆಮನೆಯೇ ನೆನಪಾಗುತ್ತದೆ.

ಅಲ್ಲಿದ್ದದ್ದು ಮೈಕ್ರೋವೇವ್ ಓವನ್. ಭಟ್ಕಳದ ಧಣಿಗಳು ಹೊಸದು ತಂದಾಗ ಹಳೆಯದನ್ನು ಈಶ್ವರನಿಗೆ ಕೊಟ್ಟಿದ್ದರು. ಬಾಗಿಲು ಸಡಿಲವಾಗಿತ್ತು. ಸುಮಿತ್ರಾ ಬೆಳಿಗ್ಗೆ ಗಂಜಿ ಮಾಡಿಟ್ಟು ಗದ್ದೆ ಕೆಲಸಕ್ಕೆ ಹೋಗಿ, ಮಧ್ಯಾಹ್ನ ಓಡಿಬಂದು ಅತ್ತೆಗೆ ಮಾತ್ರ ಅದನ್ನು ಬಿಸಿ ಮಾಡುತ್ತಿದ್ದಳು. ಹಲ್ಲಿಲ್ಲದ ಮುದುಕಿಗೆ ತಣ್ಣಗಿನದು ಇಳಿಯುತ್ತಿರಲಿಲ್ಲ. ತಾನು ತಣ್ಣಗಿನದನ್ನೇ ಉಣ್ಣುತ್ತಿದ್ದಳು. ದಾಮೋದರನ ಪಾಳಿಯಲ್ಲಿ ಅವನ ಹೆಂಡತಿ ಕಟ್ಟಿಗೆ ಒಲೆಯಲ್ಲೇ ಬಿಸಿ ಮಾಡುತ್ತಿದ್ದಳು. ಓವನ್ ಓಡುವುದು ಸುಮಿತ್ರಾಳ ಪಾಳಿಯಲ್ಲಿ, ಅದೂ ಮಧ್ಯಾಹ್ನ ಮಾತ್ರ.

ದಾಮೋದರ ಮೂರನೆಯ ಏಟಿಗೆ ಒನಕೆ ಎತ್ತಿದ್ದ. ನಾನು ನಡುವೆ ಹೊಕ್ಕು ಓವನ್ನಿನ ಗುಂಡಿ ತಿರುಗಿಸಿದೆ. ಗುಂಯ್ ಎಂದಿತು. ಕೆಲವು ಕ್ಷಣಗಳಲ್ಲಿ ಆಚೆಯ ಚೆಂಡೆ ನಿಂತಿತು. ಬಂದ್ ಮಾಡಿದೆ, ಚೆಂಡೆ ಬಂತು. ಮತ್ತೆ ತಿರುಗಿಸಿದೆ, ನಿಂತಿತು.

ದಾಮೋದರ ಒಮ್ಮೆ ನನ್ನನ್ನು, ಒಮ್ಮೆ ಓವನ್ನನ್ನು ನೋಡಿದ. ಆಮೇಲೆ ಒನಕೆಯಿಂದ ಓವನ್ನನ್ನು ಚಚ್ಚಿದ. ಗಾಜು ಪುಡಿಯಾಗಿ ಗಂಜಿಯೊಡನೆ ನೆಲಕ್ಕೆ ಹರಿಯಿತು. ಅದು ಚಪ್ಪಟೆಯಾಗುವವರೆಗೂ ಬಿಡಲಿಲ್ಲ. ಸುಮಿತ್ರಾಳ ಕಡೆ ತಿರುಗಿಯೂ ನೋಡದೆ ಹೊರಟುಹೋದ. ನಾನು ಅವಳ ಕೈಯನ್ನು ನನ್ನ ಸೆರಗಿನಿಂದ ಕಟ್ಟಿ, ರಿಕ್ಷಾ ಕರೆಸಿ ಕುಮಟಾದ ಆಸ್ಪತ್ರೆಗೆ ಕರೆದೊಯ್ದೆ. ಮೂಳೆ ಎರಡು ಕಡೆ ಮುರಿದಿತ್ತು.

ವೈಫೈಯಲ್ಲಿ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದು ಗೋಡೆ ದಾಟಿ ದೂರ ಹೋಗುತ್ತದೆ. ಎರಡನೆಯದಕ್ಕೆ ವೇಗ ಹೆಚ್ಚು, ಗೋಡೆ ಬಂದರೆ ಬೇಗ ಸೋಲುತ್ತದೆ. ದಾಮೋದರನ ಟಿವಿ ಮೊದಲನೆಯ ದಾರಿಯಲ್ಲಿತ್ತು. ಓವನ್ ಅನ್ನವನ್ನು ಬಿಸಿ ಮಾಡುವುದೂ ಅದೇ 2.4ರ ಆಸುಪಾಸಿನ ತರಂಗದಿಂದ. ಬಾಗಿಲು ಸಡಿಲವಾದ ಹಳೆಯ ಓವನ್ನಿನಿಂದ ತರಂಗ ಹೊರಗೆ ಸೋರುತ್ತಿತ್ತು. ಆ ಗದ್ದಲದಲ್ಲಿ ಎಸೆದ ಹೆಂಚು ಹಿಡಿಯುವವನ ಕೈತಪ್ಪುತ್ತಿತ್ತು, ಅವನ ಕೂಗು ಎಸೆಯುವವನಿಗೆ ಕೇಳುತ್ತಿರಲಿಲ್ಲ. ರೂಟರನ್ನು ಅಲ್ಲಿಂದ ತೆಗೆದು, ಗೋಡೆಯಲ್ಲಿ ತೂತು ಕೊರೆದು ಟಿವಿಗೆ ತಂತಿ ಎಳೆದಿದ್ದರೆ ಮುಗಿಯುತ್ತಿತ್ತು.

ಮೂರನೆಯ ದಿನ ಊರ ಹಿರಿಯರು ಅದೇ ಜಗಲಿಯಲ್ಲಿ ಕೂತರು. ನನ್ನನ್ನೂ ಕರೆಸಿದರು. ಭಟ್ಕಳದಿಂದ ಈಶ್ವರ ಬಂದಿದ್ದ. ಓವನ್ ವಿಷಯವನ್ನು ನನ್ನ ಬಾಯಿಂದ ಎರಡು ಸಲ ಹೇಳಿಸಿ, ಒಬ್ಬ ಹಿರಿಯರು ತೊಡೆ ತಟ್ಟಿದರು.

"ಆತಲ್ಲ ಹಂಗಾರೆ! ತಪ್ಪು ಮಷೀನಿಂದು. ದಾಮುಂದೂ ಅಲ್ಲ, ಈ ಹುಡುಗಿದೂ ಅಲ್ಲ. ಪೊಲೀಸ್ ಎಂತಕೆ?"

ಈಶ್ವರ ತಲೆ ತಗ್ಗಿಸಿ, "ಮನೆ ಮಾತು ಮನೇಲೇ ಇರ್ಲಿ," ಎಂದ. ಸುಮಿತ್ರಾ ಕೊರಳಿಗೆ ತೂಗುಹಾಕಿದ ಕೈಯೊಂದಿಗೆ ಕಂಬಕ್ಕೊರಗಿ ನನ್ನನ್ನೇ ನೋಡುತ್ತಿದ್ದಳು. ಅವಳನ್ನು ಉಳಿಸಲೆಂದು ನಾನು ಹೇಳಿದ ಮಾತೇ ದಾಮೋದರನಿಗೆ ಗುರಾಣಿಯಾಗಿತ್ತು.

ಅಷ್ಟು ಗಂಡಸರ ನಡುವೆ ನಾನು ಎಂದೂ ಬಾಯಿ ತೆರೆದವಳಲ್ಲ. ಎದ್ದು ನಿಂತೆ.

"ಓವನ್ ಚಿತ್ರ ನಿಲ್ಸ್ತು, ಖರೆ," ಎಂದೆ. "ಒನಕೆ ಎತ್ತಿದ್ದು ಓವನ್ ಅಲ್ಲ. ಅವ್ಳೇ ಬೇಕಂತ ಬಂದ್ ಮಾಡಿದ್ರೂ ಕೈ ಮುರೀಬಹುದಾಗಿತ್ತ? ನಾ ಕಣ್ಣಾರೆ ಕಂಡಿದ್ದೆ. ಯಾರು ಕೇಳಿದ್ರೂ ಹೇಳ್ತೆ."

ಹಾಸಿಗೆಯಿಂದ ತಾಯಿ, "ನಾನೂ ಕೇಳ್ದೆ. ನಾನೂ ಹೇಳ್ತೆ," ಎಂದಳು. ಸುಮಿತ್ರಾ ಚಪ್ಪಲಿ ಮೆಟ್ಟಿಕೊಂಡು, "ಬನ್ನಿ ಅಕ್ಕ, ಬಸ್ಸು ತಪ್ತದೆ," ಎಂದಳು. ಸಂಜೆಯೊಳಗೆ ಠಾಣೆಯಲ್ಲಿ ಅವಳು ದೂರು ಕೊಟ್ಟಳು, ನಾನು ಸಾಕ್ಷಿ ಹೇಳಿದೆ. ಈಶ್ವರ ನಮ್ಮ ನಂತರದ ಬಸ್ಸಿನಲ್ಲಿ ಬಂದು ಠಾಣೆಯ ಹೊರಗೆ ನಿಂತಿದ್ದ.

ಚಿತ್ರ ನಿಂತರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ, ಸಿಕ್ಕರೆ ಸರಿಮಾಡಬಹುದು. ಆ ಕೆಲಸವನ್ನು ನಾನು ಇಷ್ಟು ವರ್ಷ ಮಾಡಿದೆ. ಏಟಿಗೆ ಕಾರಣ ಹುಡುಕಲು ಹೋಗಬೇಡಿ ಮಕ್ಕಳೇ. ಹುಡುಕಿಕೊಟ್ಟರೆ ಹೊಡೆದವನು ಅದನ್ನೇ ನೆಪವಾಗಿ ಹಿಡಿದು ಎದ್ದುಹೋಗುತ್ತಾನೆ. ಮುಂದಿನ ರಜೆಯಲ್ಲಿ ಟಿವಿ ನಿಂತರೆ ನನ್ನನ್ನು ಕರೆಯಿರಿ, ನೋಡುತ್ತೇನೆ. ಅಲ್ಲಿಯವರೆಗೆ ರಿಮೋಟ್ ಇದ್ದಲ್ಲೇ ಇರಲಿ.