ಸೋಮವಾರ ಸಿಕ್ಕ ಕಾಡುಕೋಳಿ

ತೀರ್ಥಹಳ್ಳಿ ಕಡೆಯಿಂದ ಹೊಸನಗರದ ಹಳ್ಳಿಗೆ ಸೊಸೆಯಾಗಿ ಬಂದವಳು ನಾನು. ಅರವತ್ತರ ದಶಕದಲ್ಲಿ ಸಾಗರದ ಸುತ್ತ ಮಂಗನ ಕಾಯಿಲೆಯ ಜ್ವರದಲ್ಲಿ ಜನ ಸಾಯುತ್ತಿದ್ದರು. ಅದರ ಮೂಲ ಹುಡುಕಲು ಬಂದ ಡಾಕ್ಟರುಗಳು ನಮ್ಮ ಕಾಡಂಚಿನಲ್ಲೂ ಡೇರೆ ಹಾಕಿದರು. ಬೇಟೆಯಲ್ಲಿ ಪಳಗಿದ್ದ ನಮ್ಮ ಯಜಮಾನರಿಗೆ ಅಲ್ಲಿ ಕೆಲಸ ಸಿಕ್ಕಿತು. ರಾತ್ರಿ ಕೊಂಬೆಯ ಮೇಲೆ ಮಲಗಿದ ಹಕ್ಕಿಗೆ, ಪೊದೆಯ ಮೊಲಕ್ಕೆ ಬ್ಯಾಟರಿ ಬೆಳಕು ಬಿಟ್ಟು, ಉದ್ದ ಕೋಲಿನ ಬಲೆಯಲ್ಲಿ ಜೀವಂತ ಹಿಡಿಯಬೇಕು. ಡಾಕ್ಟರು ಅದರ ಮೈಗೆ ಕಚ್ಚಿ ರಕ್ತ ಹೀರುವ ಉಣುಗು ಹೆಕ್ಕಿ, ಚೂರು ರಕ್ತ ತೆಗೆದು, ಹಕ್ಕಿಯಾದರೆ ಕಾಲಿಗೆ ಬಳೆ ಹಾಕಿ ಬಿಟ್ಟುಬಿಡುತ್ತಿದ್ದರು. ಕೊಲ್ಲುತ್ತಿದ್ದ ಕೈಗೆ ದೇವರು ಬಿಡುವ ಕೆಲಸ ಕೊಟ್ಟನಲ್ಲ ಎಂದು ನನಗೆ ಸಮಾಧಾನ. ಹಳೇ ಪಂಚೆ ಹರಿದು, ಹಿಡಿದ ಜೀವ ಹಾಕಿ ತರುವ ಚೀಲಗಳನ್ನು ನಾನೇ ಹೊಲಿದು ಕೊಡುತ್ತಿದ್ದೆ.

ಹಿಡಿದದ್ದನ್ನು ಡೇರೆಗೇ ಮುಟ್ಟಿಸಿ ಬರುವುದು ವಾಡಿಕೆ. ಒಂದು ದಿನ ಮಾತ್ರ ಕಾಲಿಗೆ ಮುಳ್ಳು ಹೊಕ್ಕು, ಅಷ್ಟು ದೂರ ನಡೆಯಲಾರದೆ ನಸುಕಿಗೆ ಮನೆಗೇ ಬಂದರು. ಚೀಲವನ್ನು ಜಗಲಿಯ ಗೂಟಕ್ಕೆ ಸಿಕ್ಕಿಸಿ, ಏನೂ ಹೇಳದೆ ಮಲಗಿಬಿಟ್ಟರು.

ಬೇಟೆಯವರ ಮನೆಯಲ್ಲಿ ಆ ಗೂಟಕ್ಕೆ ಬಂದದ್ದೆಲ್ಲ ಒಲೆಗೆ ಸೇರಿದ್ದೇ. ಅತ್ತೆ ಚೀಲವನ್ನು ಹೊರಗಿನಿಂದಲೇ ಮುಟ್ಟಿ ನೋಡಿ, ಕಾಡುಕೋಳಿ ಎಂದು ಹಿಗ್ಗಿ, ಪುಕ್ಕ ಕೀಳಲು ನೀರು ಕಾಯಿಸೆಂದರು. ನಾನೇ ಹೊಲಿದ ಚೀಲ, ಆದರೂ ಅದು ಡಾಕ್ಟರ ಕೋಳಿ ಎಂದು ನನಗೂ ಹೊಳೆಯಲಿಲ್ಲ.

"ಇವತ್ತು ಸೋಮವಾರ ಅತ್ತೆ, ನಾಳೆ ಮಾಡಣ" ಎಂದೆ. ಅದು ನಾನು ತವರಿನಿಂದ ತಂದ ನೇಮ.

"ನಿನ್ನ ಶಿವ ನಮ್ ಬಾಯಿಗೂ ಬೀಗ ಹಾಕ್ದ ಮಾರಾಯ್ತಿ" ಎಂದು ಗೊಣಗಿದರೂ, ಬಿಚ್ಚಲು ಹೋದ ಕೈ ಹಿಂದೆ ತೆಗೆದರು.

ಚೀಲ ಹುಡುಕಿಕೊಂಡು ಬಂದ ಡಾಕ್ಟರ ಜೀಪಿನ ಹಾರ್ನಿಗೆ ಯಜಮಾನರು ದಡಬಡಿಸಿ ಎದ್ದರು. ಮೊದಲು ನೋಡಿದ್ದು ಅವರಮ್ಮನ ಕೈ.

"ಚೀಲ ಬಿಚ್ಚಿದ್ಯೇನಮ್ಮಾ?"

"ಎಲ್ಲಿ ಬಿಚ್ಚಕ್ಕೆ ಬಿಟ್ಲು ನಿನ್ ಹೆಂಡ್ತಿ? ಸೋಮವಾರ ಅಂತೆ."

ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆಮೇಲೆ ಕುಂಟುತ್ತಾ ಹೋಗಿ ಚೀಲವನ್ನು ಜೀಪಿಗೆ ಕೊಟ್ಟು ಬಂದರು.

ಆ ಕೋಳಿಯ ಕತ್ತಿನ ಸುತ್ತ ಗಸಗಸೆಯಂತೆ ಉಣುಗಿನ ಮರಿಗಳಿದ್ದವಂತೆ. ಪುಕ್ಕ ಕಿತ್ತಿದ್ದರೆ ಅವು ಕೈಗೆ ಹತ್ತುತ್ತಿದ್ದವು, ಅದರಿಂದಲೇ ಜ್ವರ ಬರುವುದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವುಗಳಲ್ಲಿ ಕಾಯಿಲೆ ಇತ್ತೋ ಇಲ್ಲವೋ, ನಾನು ಕೇಳಲಿಲ್ಲ. ಅತ್ತೆಗೆ ಜ್ವರ ಬರಲಿಲ್ಲ, ನನಗೆ ಅಷ್ಟು ಸಾಕು.

ಮುಂದಿನ ಸೋಮವಾರ ಮೀನಿನವನು ಬುಟ್ಟಿ ಇಳಿಸುವ ಮೊದಲೇ ಅತ್ತೆ ಒಳಗಿನಿಂದ ಕೂಗಿ ಹೇಳಿದರು: "ಇವತ್ತು ಬ್ಯಾಡ ಮಾರಾಯಾ, ನಾಳೆ ಬಾ."