ಎಪ್ಪತ್ತಾರು ಡಿಗ್ರಿಯ ಕೆಳಗೆ

ನಸ್ರೀನ್ ಒಂದು ಕಡೆ ಕುಳಿತವಳಲ್ಲ. ಮನೆ ಬ್ಯಾಡಗಿಯಲ್ಲಿ, ಬೆಳಗಿನ ಪಾಠ ಹಾವೇರಿಯ ಕಾಲೇಜಿನಲ್ಲಿ, ಮಧ್ಯಾಹ್ನದ ಮೇಲೆ ರಾಣೆಬೆನ್ನೂರಿನ ಪ್ರಯೋಗಾಲಯ. ಮೂವತ್ತೊಂದು ವರ್ಷ ವಯಸ್ಸಿನ ಈಕೆ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ತಿರುಗುತ್ತಿದ್ದಳು. ಬಸ್ಸಿನಲ್ಲಿ ಸೀಟು ಸಿಕ್ಕರೂ ಎರಡು ನಿಲ್ದಾಣ ಮೊದಲೇ ಎದ್ದು ಬಾಗಿಲ ಬಳಿ ನಿಲ್ಲುವಳು. ಇಂಥವಳು ಆರಿಸಿಕೊಂಡ ಸಂಶೋಧನೆಯೋ, ಶುದ್ಧ ತಪಸ್ಸು.

ದ್ರವ ಹರಳು ಅಂದರೆ ಪೂರ್ತಿ ನೀರೂ ಅಲ್ಲ, ಪೂರ್ತಿ ಗಟ್ಟಿಯೂ ಅಲ್ಲ. ಕಾಯಿಸಿದಾಗ ಅದರ ಕಡ್ಡಿಯಂಥ ಅಣುಗಳು ದಿಕ್ಕುಗೆಟ್ಟು ಅಲೆಯುತ್ತವೆ. ತಣಿಸುತ್ತ ಬಂದರೆ ಪದರ ಪದರವಾಗಿ ನೆಟ್ಟಗೆ ನಿಲ್ಲುತ್ತವೆ. ಇದಕ್ಕೆ ಸ್ಮೆಕ್ಟಿಕ್ ಸ್ಥಿತಿ ಎನ್ನುತ್ತಾರೆ. ಇನ್ನೂ ತಣಿಸಿದರೆ, ಗಾಳಿ ಹೊಡೆದ ಜೋಳದ ಹೊಲದಂತೆ, ಪದರ ಬಿಡದೆ ಎಲ್ಲವೂ ಒಂದೇ ಕಡೆ ವಾಲುತ್ತವೆ. ನಸ್ರೀನ್‌ಳ ವಸ್ತುವಿನಲ್ಲಿ ಈ ವಾಲುವಿಕೆ ಎಪ್ಪತ್ತಾರು ಡಿಗ್ರಿಗೆ ತಟ್ಟನೆ ಆಗಬೇಕು. ನಿಮಿಷಕ್ಕೆ ಡಿಗ್ರಿಯ ಹತ್ತನೇ ಒಂದು ಪಾಲಿನಂತೆ ತಣಿಸುತ್ತ ಅವಳು ಗಂಟೆಗಟ್ಟಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂರಬೇಕು. ಮೇಜಿನ ಕೆಳಗೆ ಕಾಲು ಕುಣಿಯುತ್ತಲೇ ಇರುತ್ತಿತ್ತು.

ಎರಡು ವರ್ಷದ ಹಿಂದೆ ಅವಳಿಗೆ ಹೊಸದೊಂದು ಕಂಡಿತ್ತು. ಎಪ್ಪತ್ತಾರಕ್ಕೆ ಅಣುಗಳು ವಾಲಲಿಲ್ಲ. ಎಪ್ಪತ್ತನಾಲ್ಕರವರೆಗೆ ನೆಟ್ಟಗಿನದೂ ಅಲ್ಲದ, ವಾಲಿದ್ದೂ ಅಲ್ಲದ ಒಂದು ಚಿತ್ರ ಗಾಜಿನ ಮೇಲೆ ನಿಂತಿತ್ತು. ಏಳು ಸಲ ಮಾಡಿದಳು, ಏಳು ಸಲವೂ ಬಂತು. ಇದು ಯಾರೂ ಕಾಣದ ಸ್ಥಿತಿ ಎಂದು ಮಾರ್ಗದರ್ಶಕ ಚಂದ್ರಪ್ಪ ಸರ್ ಹಿಗ್ಗಿ ಹೀರೇಕಾಯಿಯಾದರು. ಅದರ ಮೇಲೆ ಅವಳ ಪ್ರಬಂಧದ ಕೊನೆಯ ಅಧ್ಯಾಯ ನಿಂತಿತ್ತು. ಅಧ್ಯಾಯವಿದ್ದರೆ ಡಾಕ್ಟರೇಟು, ಡಾಕ್ಟರೇಟಿದ್ದರೆ ಕಾಯಂ ನೌಕರಿ. ಇಲ್ಲದಿದ್ದರೆ ಅತಿಥಿ ಉಪನ್ಯಾಸಕಿಯಾಗಿ ವರ್ಷ ವರ್ಷ ಆದೇಶ ಕಾಯುವುದು. ಬರುವ ಸೋಮವಾರ ಅದರ ಲೇಖನ ಸಂಶೋಧನಾ ಪತ್ರಿಕೆಗೆ ಹೋಗುವುದಿತ್ತು.

ಶನಿವಾರ ಕೊನೆಯ ಚಿತ್ರ ತೆಗೆಯುತ್ತಿದ್ದಳು. ಅಣುಗಳು ಸಾಲು ಹಿಡಿಯಲೆಂದು, ವಸ್ತು ಹಾಕುವ ಮೊದಲು ಗಾಜನ್ನು ಮಖಮಲ್ಲಿನ ತುಂಡಿನಿಂದ ಒಂದೇ ದಿಕ್ಕಿಗೆ ಉಜ್ಜಬೇಕು. ಕೈಗವಸು ಹಾಕಿಯೇ ಉಜ್ಜಿದಳು. ಆ ವಿಷಯದಲ್ಲಿ ಅವಳು ಬಲು ಕಟ್ಟುನಿಟ್ಟು. ನೋಡಿ ನೋಡಿ ಕಣ್ಣಲ್ಲಿ ನೀರು ಬಂದಾಗ ಮಾತ್ರ, ಅವಸರದ ಬುದ್ಧಿ, ಕೈಯಲ್ಲಿದ್ದ ಮಖಮಲ್ಲಿನ ತುಂಡಿನಿಂದಲೇ ಒರೆಸಿಕೊಂಡಳು.

ಕಣ್ಣು ಧಗ್ ಎಂದಿತು. ನಳದ ಬಳಿ ಓಡಿ ನೀರು ಚಿಮುಕಿಸಿಕೊಳ್ಳುವಾಗ ಅವಳಿಗೆ ಎಲ್ಲ ತಿಳಿಯಿತು.

ತಾಯಿ ಮಹಮೂದಾಬೇಗಂ ಮಾರುಕಟ್ಟೆಯ ಮೆಣಸಿನಕಾಯಿ ಮನೆಗೆ ತಂದು ಕೂಲಿಗೆ ತೊಟ್ಟು ಬಿಡಿಸುತ್ತಾಳೆ. ಸುಮ್ಮನೆ ಕೂರಲಾಗದ ಮಗಳು ಭಾನುವಾರ ತಾಯಿಯ ಜೊತೆ ರಾಶಿಗೆ ಕೂತು, ಅದೇ ಬೆರಳುಗಳಲ್ಲಿ ವಾರಕ್ಕಾಗುವಷ್ಟು ಮಖಮಲ್ಲು ಕತ್ತರಿಸಿಡುತ್ತಿದ್ದಳು. ಲ್ಯಾಬಿನಲ್ಲಿ ಆ ಕೆಲಸಕ್ಕೆ ಅರ್ಧ ತಾಸು ದಂಡವಂತೆ. ಕಾಯಿಯ ಎಣ್ಣೆ ಬೆರಳಿನಿಂದ ಬಟ್ಟೆಗೆ, ಬಟ್ಟೆಯಿಂದ ಗಾಜಿಗೆ ಹೋಗಿತ್ತು. ಬೇರೆ ಪದಾರ್ಥ ಒಂದಿಷ್ಟು ಬೆರೆತರೂ ಸಾಕು, ವಾಲುವಿಕೆ ತಡವಾಗುತ್ತದೆ, ಎರಡೂ ಸ್ಥಿತಿ ಕೆಲ ಹೊತ್ತು ಕಲಸಿಕೊಂಡು ನಿಲ್ಲುತ್ತವೆ. ಪಾಠ ಹೇಳುವವಳಿಗೆ ಇದು ಗೊತ್ತಿಲ್ಲವೇ?

ಅಂಗಡಿಯಿಂದ ಹೊಸ ಮಖಮಲ್ಲು ತಂದು ಮತ್ತೆ ಮಾಡಿದಳು. ಬರಲಿ, ಒಂದು ಸಲ ಬರಲಿ ಎಂದು ಅಲ್ಲಾಹನನ್ನು ಬೇಡಿದಳು. ಎಪ್ಪತ್ತಾರಕ್ಕೆ ಇಡೀ ಚಿತ್ರ ಒಮ್ಮೆಲೇ ಬದಲಾಯಿತು. ನಡುವೆ ಏನೂ ಇರಲಿಲ್ಲ.

ಭಾನುವಾರ ಅವಳು ಮನೆಯಲ್ಲಿ ಅಡುಗೆಮನೆಗೂ ಬಾಗಿಲಿಗೂ ಅಲೆದಳು. ಹೇಳದಿದ್ದರೆ ಯಾರಿಗೆ ಗೊತ್ತು? ಲೇಖನ ಹೋಗುತ್ತದೆ, ನೌಕರಿ ಬರುತ್ತದೆ. ಆ ಆಸೆ ಅವಳಿಗೆ ನಿಜವಾಗಿಯೂ ಇತ್ತು, ಅದಕ್ಕಾಗಿ ತನ್ನ ಮೇಲೇ ಸಿಟ್ಟೂ ಬಂತು.

"ಯಾಕ, ಇವತ್ತ ರಾಶಿಗೆ ಕುಂದ್ರೂದಿಲ್ಲೇನು?" ತಾಯಿ ಕೇಳಿದಳು.

"ತಲಿ ನೋಯಾಕತ್ತೈತಿ, ಅಮ್ಮಿ," ಎಂದಳು. ತನ್ನ ಕಾಯಿಯಿಂದಲೇ ಕೆಟ್ಟಿತೆಂದು ಕೊರಗಿಯಾಳು, ತಾಯಿಗೆ ಮಾತ್ರ ಇದನ್ನು ಹೇಳಬಾರದೆಂದು ಅವಳು ಆಗಲೇ ನಿಶ್ಚಯಿಸಿದ್ದಳು.

ಸೋಮವಾರ ಚಂದ್ರಪ್ಪ ಸರ್ ಎದುರು ನಿಂತುಕೊಂಡೇ ಎಲ್ಲ ಹೇಳಿದಳು. ಸರ್ ಹಳೆಯ ಚಿತ್ರಗಳನ್ನು ಮತ್ತೊಮ್ಮೆ ತಿರುವಿ ಹಾಕಿದರು.

"ಎರಡು ವರ್ಷ ಹೋತಲ್ಲವಾ."

"ಹೋತ್ರಿ. ನೌಕರಿ ಅರ್ಜೀನೂ ಈ ವರ್ಷ ಹೋತು. ಹೊಸದಾಗಿ ಅಳೀತೇನಿ. ಹಳೇದು ಯಾಕ ಕೆಟ್ಟಿತ್ತು ಅಂತನೂ ಬರೀತೇನಿ."

"ಬರಿ. ಆದ್ರ ಗೊತ್ತಾಗದ ಕಲ್ಮಶ ಅಂತ ಬರಿ, ಸಾಕು. ಮೆಣಸಿನಕಾಯಿ ಅಂತ ಬರದ್ರ ಓದಿದವರು ನಗತಾರ."

ನಸ್ರೀನ್ ಆಗ ಕುರ್ಚಿ ಎಳೆದುಕೊಂಡು ಕುಳಿತಳು.

"ನಗಲಿ ಬಿಡ್ರಿ, ಸರ್. ಒಂದನೇತ್ತಾದಿಂದ ಎಮ್ಮೆಸ್ಸಿ ತನಕ ನನ್ನ ಓದಿಸಿದ್ದು ಅದ ಮೆಣಸಿನಕಾಯಿ. ಗೊತ್ತಿಲ್ಲ ಅಂತ ಹೆಂಗ ಬರೀಲಿ?"