ತೊಲೆಯೊಳಗಿನ ಮೊಳೆಗಳು

ಜೇವರ್ಗಿಯ ಅಜ್ಜಿಯೊಬ್ಬರು ಹಳೆಯ ಮನೆ ಕೆಡವಿಸಿದಾಗ ತಲೆಬಾಗಿಲ ಮೇಲಿದ್ದ ಅಗಲವಾದ ಸೀಸಂ ಮರದ ತೊಲೆಯನ್ನು ನನಗೆ ಕೊಟ್ಟರು. ಅದರಲ್ಲಿ ಅವರ ಮೊಮ್ಮಗಳಿಗೆ ಗಿಟಾರ್ ಆಗಬೇಕಿತ್ತು. ನಾನು ಆಳಂದದಲ್ಲಿ ಗಿಟಾರ್ ಮಾಡುತ್ತೇನೆ. ಅಷ್ಟು ಒಣಗಿದ ಮರ ಈಗ ಕೊಂಡರೂ ಸಿಗುವುದಿಲ್ಲ. ಎಳೆಗಳು ನೆಟ್ಟಗಿದ್ದವು, ಬಿರುಕಿರಲಿಲ್ಲ. ಬೆರಳ ಗೆಣ್ಣಿನಿಂದ ಬಡಿದರೆ ದನಿ ಕೂಡಲೇ ಅಡಗದೆ ಸ್ವಲ್ಪ ದೂರ ಎಳೆಯುತ್ತಿತ್ತು. ಕಾಣುವ ಮೊಳೆಗಳನ್ನೆಲ್ಲ ಕಿತ್ತು, ಹಿಂಬದಿಯ ಹಲಗೆಗಳಿಗಾಗಿ ಅದನ್ನು ಅಫಜಲಪುರ ರಸ್ತೆಯ ಕಟ್ಟಿಗೆ ಮಿಲ್ಲಿಗೆ ಒಯ್ದೆ.

ಮಿಲ್ಲಿನ ಚಾಚಾ ತೊಲೆಯನ್ನು ಮಷಿನ್‌ಗೆ ಏರಿಸುತ್ತ ನಕ್ಕರು. “ಬಾಗಿಲಾ ಕೊಯ್ದು ಬಾಜಾ ಮಾಡ್ತೀರಿ. ಮನಿಯವ್ರು ಖಿಡಕಿಯಿಂದ ಒಳಗ ಹೋಗ್ಬೇಕೇನ್ರಿ?”

ಮುಂದೆ ಆದದ್ದನ್ನು ಕಂಡಷ್ಟೇ ಹೇಳುತ್ತೇನೆ. ಗರಗಸದ ಪಟ್ಟಿ ತೊಲೆಯೊಳಗೆ ಗೇಣುದ್ದ ಹೋಗಿತ್ತು. ಒಮ್ಮೆಲೇ ಕಿರುಚಿತು. ಕಿಡಿ ಹಾರಿತು. ಪಟ್ಟಿ ಹರಿದು ಚಾಚಾರ ಕಿವಿಯ ಪಕ್ಕದಿಂದ ಹಾದು ಹಿಂದಿನ ತಗಡಿಗೆ ಬಡಿಯಿತು. ಅವರು ಮೊದಲು ಮಷಿನ್ ಆರಿಸಿದರು, ಆಮೇಲೆ ನೆಲಕ್ಕೆ ಕೂತರು. ಹೆಗಲ ಮೇಲಿನ ಟವೆಲ್ ಸೀಳಿತ್ತು. ರಕ್ತ ಇರಲಿಲ್ಲ. ನಂಬಿಕೆಯಾಗದೆ ಅವರ ಕುತ್ತಿಗೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿದೆ.

ಕೊಯ್ದ ಗೀರಿನಲ್ಲಿ ತಲೆಯಿಲ್ಲದ ಮೊಳೆಯೊಂದು ಹೊಳೆಯುತ್ತಿತ್ತು. ಅದನ್ನು ಒಳಗಿಳಿಸಿ, ಮೇಲೆ ಅರಗು ತುಂಬಿ, ಬಣ್ಣ ಬಳಿದಿದ್ದರು. ಅಜ್ಜಿಗೆ ಫೋನ್ ಹಚ್ಚಿದೆ.

“ಹೌದು ತಮ್ಮಾ, ಕೂಸು ಹುಟ್ಟಿದ್ರ ತಲಿಬಾಗಿಲಕ್ಕ ಒಂದು ಮೊಳಿ ಹೊಡಿತಿದ್ವಿ. ದೃಷ್ಟಿ ಆಗಬಾರ್ದಂತ. ಆ ಮನಿ ನಾ ಬಂದ ಮ್ಯಾಲ ಕಟ್ಟಿದ್ದು. ನನ್ನ ಮಕ್ಕಳ ಮೊಳಿ ಅಷ್ಟ ಅವ, ಆಮ್ಯಾಲ ಬಿಟ್ಟೇವಿ.”

“ಎಷ್ಟು ಮಂದಿ ಮಕ್ಕಳ್ರಿ ಅವ್ವಾರ?”

“ಮೂರ ಮಂದಿ.”

ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ತೊಲೆಯ ಮೇಲೆ ನಿಧಾನ ಎಳೆದೆವು. ಅದು ಎಲ್ಲಿ ವಾಲಿತೋ ಅಲ್ಲಿ ಉಳಿಯಿಂದ ಬಗೆದೆವು. ಇನ್ನೂ ಮೂರು ಮೊಳೆ ಸಿಕ್ಕವು. ಮೊದಲಿನದು ಸೇರಿ ನಾಲ್ಕು.

ಚಾಚಾ ನಾಲ್ಕನ್ನೂ ಅಂಗೈಯಲ್ಲಿ ಹಿಡಿದು ನನ್ನನ್ನೇ ನೋಡಿದರು. “ಮೂರಂದ್ರು, ನಾಕ ಬಂದ್ವು. ಭಾಳ ಒಳಗ ಹೋಗಿದ್ದು ಈ ಅಯಸ್ಕಾಂತಕ್ಕ ಸಿಗಂಗಿಲ್ಲ. ಮತ್ತೊಮ್ಮೆ ಕೇಳ್ರಿ.”

ಏನು ಕೇಳಬೇಕೆಂದು ಇಬ್ಬರಿಗೂ ಗೊತ್ತಿತ್ತು. ನಾನು ಫೋನನ್ನು ಜೇಬಿಗೆ ಇಳಿಸಿದೆ.

“ಕೇಳ್ರೀ ಯಪ್ಪಾ. ನಿಮಗ ನಾಚಿಕಿ, ನನಗ ಕುತ್ತಿಗಿ.”

ಫೋನ್ ಹಚ್ಚಿದೆ. “ಅವ್ವಾರ, ತಪ್ಪು ತಿಳ್ಕೋಬ್ಯಾಡ್ರಿ. ಈಗ ಇದ್ದವ್ರಲ್ಲ, ಹುಟ್ಟಿದವ್ರು ಎಷ್ಟು ಮಂದಿ?”

ಆ ಕಡೆ ಕುಕ್ಕರ್ ಕೂಗಿತು. ಯಾರೋ ಒಲೆ ಆರಿಸಿದರು.

“ಐದು,” ಎಂದರು ಅಜ್ಜಿ.

“ಮೊಳಿನೂ ಐದೇನ್ರಿ?”

“ಇಲ್ಲೋ ತಮ್ಮಾ. ಮೊಳಿ ನಾಕ. ಒಂದು ಕೂಸು ವರ್ಷ ತುಂಬಿ ತೀರಿ ಹೋತು, ಅದಕ್ಕ ಹೊಡ್ದಿದ್ವಿ. ಕಡೀದು ಸತ್ತ ಹುಟ್ಟಿತು. ಮೊಳಿ ತಂದಿಟ್ಟಿದ್ದೆ. ಅತ್ತಿ ಬ್ಯಾಡ ಅಂದ್ಳು.” ತಡೆದು ಕೇಳಿದರು: “ಯಾರಿಗರೆ ಪೆಟ್ಟಾತೇನು?”

“ಇಲ್ರಿ,” ಎಂದೆ.

ಚಾಚಾರಿಗೆ ಹೇಳಿದೆ. “ಖರೇನಾ?” ಎಂದರು. “ಖರೇರಿ.” ಅವರು ಹೊಸ ಪಟ್ಟಿ ಏರಿಸಿ, ನನ್ನನ್ನು ಗೋಡೆಯ ಆಚೆ ಕಳಿಸಿ, ಬಿಸ್ಮಿಲ್ಲಾ ಎಂದು ಗುಂಡಿ ಒತ್ತಿದರು. ನಾನು ಕಿಟಕಿಯಿಂದ ಅವರ ಮುಖವನ್ನಷ್ಟೇ ನೋಡುತ್ತಿದ್ದೆ. ತೊಲೆ ಕೊನೆಯವರೆಗೂ ಸೀಳಿತು.

ಮಷಿನ್ ನಿಂತ ಮೇಲೆ ಚಾಚಾ ಹಲಗೆಗಳ ಕಡೆ ನೋಡಲಿಲ್ಲ. ಮುಖ ಒರೆಸಿಕೊಂಡು, “ಅವ್ವಾರಿಗೆ ಹೇಳ್ರಿ, ಅವರಂದಂಗ ನಾಕ ಇದ್ವು ಅಂತ,” ಎಂದರು.